ತಾರಸಿ ಕೆಳಗಿನ ಮನೆ, ಮೂರು ಹಳೇ ಫ್ಯಾನ್: ಏನು ಬದಲಾಯಿಸಬೇಕು, ಏನು ಬೇಡ?

ಮೇಲ್ಮನೆ_ದಾವಣಗೆರೆ
ಆರ್‌ಸಿಸಿ ತಾರಸಿಯ ನೇರ ಕೆಳಗಿನ ಮನೆ. ನೆಲದಿಂದ ಸ್ಲ್ಯಾಬ್‌ಗೆ 10 ಅಡಿ. ಮಲಗೋ ಕೋಣೆ ಎರಡು, ತಲಾ 12×11. ಹಾಲ್ 20×12. ಮೂರರಲ್ಲೂ ಒಂದೊಂದು 1200 ಮಿಮೀ ಫ್ಯಾನ್, ಎಲ್ಲಾ ಹಳೇವು, ದಪ್ಪ ಡಬ್ಬಿ ರೆಗ್ಯುಲೇಟರ್ ಕಾಲದವು.

ಏಪ್ರಿಲ್-ಮೇ ಸಂಜೆ 7ರ ಮೇಲೆ ಫ್ಯಾನ್ ಹಾಕಿದ್ರೆ ಒಲೆ ಮುಂದೆ ಕೂತ ಹಾಗೆ ಬಿಸಿಗಾಳಿ. ಹಾಲ್‌ನಲ್ಲಿ ಸೋಫಾ ಇರೋ ಕಡೆ ಗಾಳೀನೇ ಬರಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ, ಮುಗ್ಗಲು ವಾಸನೆ. ಚಳಿಗಾಲದಲ್ಲಿ ಸೊಳ್ಳೆಗೋಸ್ಕರ ಫ್ಯಾನ್ ಬೇಕು, ಆದರೆ ವಯಸ್ಸಾದವರಿಗೆ ಮೈಮೇಲೆ ಗಾಳಿ ಬೇಡ. ಅಂಗಡಿಯವರು "ಮೂರನ್ನೂ ಕಿತ್ತು ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನೋ ಎಲೆಕ್ಟ್ರಾನಿಕ್ ಮೋಟಾರ್ ಫ್ಯಾನ್) ಹಾಕ್ಸಿ, ರಿಮೋಟ್‌ನಲ್ಲಿ ರಿವರ್ಸ್, ಅಂದ್ರೆ ಉಲ್ಟಾ ತಿರುಗಿಸೋದೂ ಇದೆ, ಚಳಿಗಾಲಕ್ಕೂ ಆಗುತ್ತೆ" ಅಂತಾರೆ. ಹತ್ತು ಸಾವಿರದ ಮಾತು. ಗೊತ್ತಿರೋರು ಹೇಳಿ.

ಒಂದೇ_ಸಾಲು
ಎಸಿ ಹಾಕ್ಸಿ. ಚರ್ಚೆ ಮುಗೀತು.

ವೈರ್‌ಮನ್_ತುಮಕೂರು
ಎಸಿ ಹಾಕ್ಸಿದ್ರೂ ಫ್ಯಾನ್ ಬೇಕೇ ಬೇಕು ಸ್ವಾಮಿ.

ಮೇಲ್ಮನೆಯವರೇ, ದುಡ್ಡು ಬಿಚ್ಚೋ ಮೊದಲು ಈಗಿರೋ ಫ್ಯಾನ್ ಎಷ್ಟು ತಿರುಗ್ತಿದೆ ನೋಡಿ. ಒಂದು ರೆಕ್ಕೆಗೆ ಬಣ್ಣದ ಟೇಪ್ ಅಂಟಿಸಿ, ಫುಲ್ ಸ್ಪೀಡ್‌ನಲ್ಲಿಟ್ಟು, ಫೋನ್‌ನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೀರಿ. 1200 ಮಿಮೀ ಫ್ಯಾನ್ ಸರಿ ಇದ್ರೆ ನಿಮಿಷಕ್ಕೆ 350 ಸುತ್ತಿನ ಆಸುಪಾಸು, ಅಂದ್ರೆ 10 ಸೆಕೆಂಡಿಗೆ 58 ಸುತ್ತು. 45ಕ್ಕಿಂತ ಕಡಿಮೆ ಬಂದ್ರೆ ಫ್ಯಾನ್ ಕಾಯಿಲೆ ಬಿದ್ದಿದೆ, ಹವಾಮಾನಾನ ಬೈದು ಉಪಯೋಗ ಇಲ್ಲ.

ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಬಹುತೇಕ ಫ್ಯಾನ್‌ಗೆ 2.5 ಮೈಕ್ರೋಫ್ಯಾರಡ್, ಕೆಲವಕ್ಕೆ 3.15. ವರ್ಷಗಟ್ಟಲೆ ಓಡಿದ ಮೇಲೆ ಒಳಗಿನ ಪದರ ಸವೆದು ಬೆಲೆ ಇಳಿಯುತ್ತೆ. 2.5ರದ್ದು ಮಲ್ಟಿಮೀಟರ್‌ನಲ್ಲಿ 2.2ಕ್ಕಿಂತ ಕೆಳಗೆ ತೋರಿಸಿದ್ರೆ ಬದಲಾಯಿಸಿ, ಐವತ್ತು ರೂಪಾಯಿ ಒಳಗಿನ ಕೆಲಸ. ಕೈಯಿಂದ ತಳ್ಳಿದ್ರೆ ಮಾತ್ರ ಶುರುವಾಗುತ್ತೆ ಅಂದ್ರೂ ಇದೇ ರೋಗ. ಹಳೇದರ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ. "ಜಾಸ್ತಿ ಹಾಕಿದ್ರೆ ಜೋರಾಗಿ ತಿರುಗುತ್ತೆ" ಅಂತ 2.5ರ ಜಾಗಕ್ಕೆ 4 ಹಾಕೋರಿದ್ದಾರೆ, ವೈಂಡಿಂಗ್ ಕಾದು ಸುಟ್ಟು ಹೋಗುತ್ತೆ.

ಕೆಲಸ ಮಾಡುವಾಗ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಎಂಸಿಬಿ (ಮೇನ್ ಬೋರ್ಡ್‌ನಲ್ಲಿರೋ ಟ್ರಿಪ್ ಸ್ವಿಚ್) ಇಳಿಸಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನ ನ್ಯೂಟ್ರಲ್‌ಗೆ ಕೊಟ್ಟಿರ್ತಾರೆ, ಆಫ್ ಇದ್ರೂ ಫ್ಯಾನ್‌ವರೆಗೆ ಫೇಸ್ ಬಂದಿರುತ್ತೆ.

ಬಿಸಿಲೂರು_ರಾಯಚೂರು
ವೈರ್‌ಮನ್ ಸಾಹೇಬ್ರ ಮಾತು ಖರೆ ಅದ, ಆದ್ರ ಬಿಸಿಗಾಳಿಗೆ ಕೆಪಾಸಿಟರ್ ಏನ್ ಮಾಡ್ತದ್ರಿ? ಅದು ಸ್ಲ್ಯಾಬಿನ ಕಾವು. ಮಧ್ಯಾಹ್ನದ ಬಿಸಿಲೆಲ್ಲಾ ಕಾಂಕ್ರೀಟ್ ಹೀರ್ಕೊಂಡು ಮೂರ್ನಾಕು ತಾಸು ಬಿಟ್ಟು ಸಂಜಿಗಿ ಒಳಗ ಬಿಡ್ತದ. ಸ್ಲ್ಯಾಬಿನ ಕೆಳಗಿನ ಒಂದು ಅಡಿ ಗಾಳಿ ಕಾದಿರ್ತದ, ಫ್ಯಾನ್ ಅದನ್ನೇ ಎಳದು ತಲಿಮ್ಯಾಲ ಹಾಕ್ತದ. ಫ್ಯಾನ್ ಕೋಣಿ ತಂಪು ಮಾಡಂಗಿಲ್ರಿ, ಮೈಮ್ಯಾಲಿನ ಬೆವರು ಆರಸ್ತದ ಅಷ್ಟ. ಖಾಲಿ ಕೋಣ್ಯಾಗ ಫ್ಯಾನ್ ಬಿಟ್ಟು ಹೋದ್ರ ಮೋಟಾರಿನ 75 ವ್ಯಾಟ್ ಕಾವು ಕೋಣ್ಯಾಗೇ ಸೇರ್ತದ.

ಮಾಡೂದು ಇಷ್ಟ: ಫೆಬ್ರುವರಿ ಕಡೀಕ ತಾರಸಿ ತೊಳದು ಎರಡು ಕೈ ಸುಣ್ಣ ಹೊಡಸ್ರಿ. ಮಳಿಗಿ ತೊಳದು ಹೋಗ್ತದ, ವರ್ಷಾ ಹೊಡೀಬೇಕು. ಹಗಲು ಕಿಟಕಿ ಮುಚ್ಚಿ ಪರದೆ ಬಿಡ್ರಿ. ಹೊರಗಿನ ಗಾಳಿ ಒಳಗಿನಕಿಂತ ತಂಪಾದ ಮ್ಯಾಲ ಎಲ್ಲಾ ತಗೀರಿ, ಸಾಮಾನ್ಯ 8ರ ಮ್ಯಾಲ. ಎದುರುಬದುರು ಕಿಟಕಿ ತಗದು ಒಂದು ಕಡಿ ಎಕ್ಸಾಸ್ಟ್ ಹಚ್ಚಿ ಒಂದು ತಾಸು ಬಿಡ್ರಿ. ಆಮ್ಯಾಲ ಸೀಲಿಂಗ್ ಫ್ಯಾನ್.

ಮೇಲ್ಮನೆ_ದಾವಣಗೆರೆ
ಅಂದ್ರೆ ಸಂಜೆ 7ಕ್ಕೆ ಫ್ಯಾನ್ ಹಾಕಲೇಬಾರದಾ?

ಬಿಸಿಲೂರು_ರಾಯಚೂರು
ಹಾಕ್ರಿ, ಆದ್ರ ಕಿಟಕಿ ಮುಚ್ಚಿ ಹಾಕಬ್ಯಾಡ್ರಿ. ಇನ್ನೊಂದು ಮಾತು. ದಾವಣಗೆರಿ 38-39ರಾಗ ಫ್ಯಾನ್ ನಡೀತದ. ನಮ್ಮ ಕಡಿ 42-43 ಆದಾಗ ಫ್ಯಾನ್ ಒಂದೇ ನಂಬಬಾರದು. ಮೈ ಚರ್ಮ 35ರ ಆಸುಪಾಸು ಇರ್ತದ, ಅದಕ್ಕಿಂತ ಬಿಸಿ ಗಾಳಿ ಬಡದ್ರ ಮೈಗೆ ಕಾವು ಏರ್ತದ, 38-39ರ ತನಕ ಬೆವರು ಆರೋ ತಂಪು ಅದನ್ನ ತಡೀತದ. 40 ಡಿಗ್ರಿ ದಾಟಿದ್ರ ಫ್ಯಾನ್ ಬ್ಯಾಡ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳ್ಯಾದ. ಮುದುಕರಿಗಿ ಬೆವರು ಕಡಿಮಿ, ಅವರಿಗಿ ಇನ್ನೂ ಜಾಸ್ತಿ ತ್ರಾಸ. ಅಂಥಾ ದಿನ ಒದ್ದಿ ಅರಿವಿಯಿಂದ ಮೈ ಒರಸಿ, ಇಲ್ಲಾ ಕೂಲರ್ ಹಚ್ಚಿ, ನೀರು ಕುಡೀಬೇಕು.

ಕಡಲಕರೆ_ಮಂಗಳೂರು
ಕೂಲರ್ ವಿಷಯ ರಾಯಚೂರಿಗೆ ಮಾತ್ರ ಮಾರಾಯ್ರೆ. ನಮ್ಮಲ್ಲಿ ಕೂಲರ್ ಹಾಕಿದ್ರೆ ಕೋಣೆಯಲ್ಲಿ ಇನ್ನೂ ಅಂಟಂಟು, ಗೋಡೆ ಸಹ ಬೆವರ್ತದೆ. ಇಲ್ಲಿ 33 ಡಿಗ್ರಿ, ಆದ್ರೆ ಗಾಳಿಯಲ್ಲಿ ನೀರೇ ನೀರು, ಬೆವರು ಆರುದೇ ಇಲ್ಲ. ಫ್ಯಾನ್ ಇಲ್ಲದಿದ್ರೆ ಕೂರ್ಲಿಕ್ಕೆ ಆಗುದಿಲ್ಲ. ಹಾಗಾಗಿ ಇಲ್ಲಿ ಫ್ಯಾನ್ ದಿನಕ್ಕೆ 18 ಗಂಟೆ ಓಡುದು ಉಂಟು, ವರ್ಷಪೂರ್ತಿ.

ಕರಾವಳಿಯವರು ಫ್ಯಾನ್ ತಗೊಳ್ಳುವಾಗ ಸ್ಕ್ರೂ, ಕ್ಲಾಂಪ್ ನೋಡಿ. ಉಪ್ಪು ಗಾಳಿಗೆ ಮೊದಲು ತುಕ್ಕು ಹಿಡಿಯುದು ರೆಕ್ಕೆ ಅಲ್ಲ, ರೆಕ್ಕೆ ಹಿಡಿಯುವ ಕಬ್ಬಿಣದ ಬ್ರಾಕೆಟ್ ಮತ್ತು ಮೇಲಿನ ಬೋಲ್ಟ್. ಡಬ್ಬಿ ಮುಚ್ಚಳದ ಒಳಗೆ ಇರುದ್ರಿಂದ ಕಾಣುದಿಲ್ಲ.

ಯೂನಿಟ್_ಲೆಕ್ಕ
ಬಿಎಲ್‌ಡಿಸಿ ಲೆಕ್ಕ ಮಾಡೋಣ. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫುಲ್ ಸ್ಪೀಡ್‌ನಲ್ಲಿ 30 ಅಂತಿಟ್ಕೊಳ್ಳಿ. ದಿನಕ್ಕೆ 15 ಗಂಟೆ ಓಡಿದ್ರೆ 1.125 ಯೂನಿಟ್ ಎದುರು 0.45. ತಿಂಗಳಿಗೆ 20 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದ್ರೆ 120 ರೂಪಾಯಿ. ಸಾಮಾನ್ಯ ಫ್ಯಾನ್‌ಗಿಂತ 1,300 ಜಾಸ್ತಿ ಕೊಟ್ಟಿದ್ದು ಒಂದು ವರ್ಷದೊಳಗೆ ವಾಪಸ್.

ಅದೇ ಫ್ಯಾನ್ ದಿನಕ್ಕೆ 2 ಗಂಟೆ ಓಡೋ ಅತಿಥಿ ಕೋಣೆಗೆ ಹಾಕಿದ್ರೆ ತಿಂಗಳಿಗೆ ಉಳಿಯೋದು 16 ರೂಪಾಯಿ. ಹೆಚ್ಚುವರಿ ದುಡ್ಡು ಹುಟ್ಟೋಕೆ ಸುಮಾರು ಏಳು ವರ್ಷ. ಮೂರನ್ನೂ ಒಟ್ಟಿಗೆ ಕೀಳಿಸೋದು ಅಂಗಡಿ ಲೆಕ್ಕ, ಮನೆ ಲೆಕ್ಕ ಅಲ್ಲ.

ಗೃಹಜ್ಯೋತಿ ಇರೋರಿಗೆ ಲೆಕ್ಕ ಬೇರೆ. 2022-23ರ ತಿಂಗಳ ಸರಾಸರಿಗೆ ಸಾಮಾನ್ಯವಾಗಿ 10% ಸೇರಿಸಿ ನಿಮ್ಮ ಮಿತಿ ಕಟ್ಟಿರ್ತಾರೆ. ಮಿತಿ ದಾಟಿದ್ರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್. ಬೇಸಿಗೇಲಿ 205-210ಕ್ಕೆ ಹೋಗೋ ಮನೆಗೆ ಒಂದೇ ಒಂದು ಫ್ಯಾನ್ ಬದಲಾಯಿಸಿದ್ರೂ ಸಾವಿರ ರೂಪಾಯಿ ಮೇಲಿನ ಪೂರ್ತಿ ಬಿಲ್ ತಪ್ಪಿ, ಮಿತಿ ದಾಟಿದಷ್ಟಕ್ಕೆ ಮಾತ್ರ ದುಡ್ಡು ಬೀಳುತ್ತೆ.

ಹಳೇ_ಡಬ್ಬಿ
ಫ್ಯಾನನ್ನ 2ರಲ್ಲಿ ಇಟ್ರೆ ಸಾಕಲ್ವಾ? ಕರೆಂಟ್ ತಾನಾಗೇ ಕಡಿಮೆ ಆಗುತ್ತೆ.

ವೈರ್‌ಮನ್_ತುಮಕೂರು
ರೆಗ್ಯುಲೇಟರ್ ಯಾವುದು ಅನ್ನೋದರ ಮೇಲೆ ಇದೆ. ದಪ್ಪ ಡಬ್ಬಿಯದ್ದು ಒಳಗೆ ತಂತಿ ಸುತ್ತಿದ ರೆಸಿಸ್ಟೆನ್ಸ್. ಫ್ಯಾನ್‌ಗೆ ಹೋಗದ ಕರೆಂಟ್ ಅಲ್ಲೇ ಬಿಸಿಯಾಗಿ ಹೋಗುತ್ತೆ, ಮುಟ್ಟಿ ನೋಡಿ ಸುಡ್ತಿರುತ್ತೆ. ವೇಗ ಇಳಿದಷ್ಟು ಯೂನಿಟ್ ಇಳಿಯಲ್ಲ. ಸ್ವಿಚ್ ಬೋರ್ಡ್‌ನಲ್ಲಿ ಕೂರೋ ಸ್ಟೆಪ್ ರೆಗ್ಯುಲೇಟರ್ ಒಳಗೆ ಕೆಪಾಸಿಟರ್ ಇರುತ್ತೆ, ಅದರಲ್ಲಿ ನಿಜವಾಗ್ಲೂ ಉಳಿಯುತ್ತೆ. ದುಂಡಗೆ ಸ್ಟೆಪ್ ಇಲ್ಲದೆ ತಿರುಗೋದು ಡಿಮ್ಮರ್ ಜಾತಿ. ಕಡಿಮೆ ವೇಗದಲ್ಲಿ ಗುಂಯ್ ಅನ್ನುತ್ತೆ, ರಾತ್ರಿ ನಿದ್ದೆ ಕೆಡಿಸುತ್ತೆ. ಹಾಗಾಗಿ ಮೇಲ್ಮನೆಯವರು ಫ್ಯಾನ್ ಬಿಡ್ಲಿ ಬಿಡದೇ ಇರ್ಲಿ, ಡಬ್ಬಿ ರೆಗ್ಯುಲೇಟರ್ ಮೊದಲು ತೆಗೀರಿ.

ಬಿಎಲ್‌ಡಿಸಿ ಹಾಕಿದ್ರೆ ಯಾವ ರೆಗ್ಯುಲೇಟರೂ ಇರಬಾರದು. ಕಿತ್ತು ನೇರ ಸ್ವಿಚ್‌ನಿಂದ ಕೊಡಿ.

ತಲೆಹರಟೆ_ತಂತ್ರಜ್ಞ
5ರಲ್ಲಿ ಇಟ್ಟು ಬಿಟ್ರೆ ಸ್ಟೆಪ್ ರೆಗ್ಯುಲೇಟರ್ ನೇರ ತಂತಿ ಇದ್ದ ಹಾಗೇನೇ. ಕೀಳೋ ಅಗತ್ಯ ಇಲ್ಲ.

ವೈರ್‌ಮನ್_ತುಮಕೂರು
ನಿಮ್ಮ ಮನೇಲಿ ಮಕ್ಕಳು, ನೆಂಟರು ಯಾರೂ ಇಲ್ವಾ ಸರ್? ಯಾರೋ ಒಬ್ರು 3ಕ್ಕೆ ತಿರುಗಿಸ್ತಾರೆ, ಡ್ರೈವರ್ ಕಾರ್ಡ್‌ಗೆ (ಬಿಎಲ್‌ಡಿಸಿ ಮೋಟಾರ್ ಓಡಿಸೋ ಎಲೆಕ್ಟ್ರಾನಿಕ್ ಕಾರ್ಡ್) ಬೇಕಾದ ವೋಲ್ಟೇಜ್ ಸಿಗಲ್ಲ, ಫ್ಯಾನ್ ನಿಂತು ನಿಂತು ತಿರುಗುತ್ತೆ, ಕಾರ್ಡ್ ಹೋಗುತ್ತೆ. ಆ ತೂತಿಗೆ 30 ರೂಪಾಯಿ ಬ್ಲ್ಯಾಂಕ್ ಪ್ಲೇಟ್ ಹಾಕೋದು ವಾಸಿ.

ತಲೆಹರಟೆ_ತಂತ್ರಜ್ಞ
ನೆಂಟರ ವಿಷಯ ಒಪ್ಕೊಂಡೆ.

ಖರೀದಿ ಮಾಡೋರಿಗೆ ಒಂದು: ಬರೀ ವ್ಯಾಟ್ ನೋಡಬೇಡಿ. ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಅಂತ ಡಬ್ಬದ ಮೇಲೆ ಇರುತ್ತೆ. 1200 ಮಿಮೀಗೆ 210ಕ್ಕಿಂತ ಕಡಿಮೆ ಇರೋದು ಬೇಡ, 220-230 ಒಳ್ಳೇದು. ಆ ಗಾಳಿಯನ್ನ ವ್ಯಾಟ್‌ನಿಂದ ಭಾಗಿಸಿದ್ರೆ ಬರೋದೇ ಸರ್ವಿಸ್ ವ್ಯಾಲ್ಯೂ. ಈ ಅಳತೆಯ ಫ್ಯಾನ್‌ಗೆ ಅದು 6 ಅಥವಾ ಮೇಲಿದ್ರೆ 5 ಸ್ಟಾರ್. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯ. ನಿಮ್ಮ ಹಳೇ ಫ್ಯಾನ್ 210 ಗಾಳಿಗೆ 75 ವ್ಯಾಟ್ ತಿಂದ್ರೆ ಅದು 2.8, ಇವತ್ತು ಒಂದು ಸ್ಟಾರೂ ಸಿಗಲ್ಲ.

ಚೆಂದ ಕಾಣ್ಲಿ ಅಂತ ಮರದ ಬಣ್ಣದ ಐದು ರೆಕ್ಕೆ, ಲೈಟು ಸೇರಿದ ಫ್ಯಾನ್ ತಗೊಳ್ಳೋರು ಈ ಸಂಖ್ಯೆ ನೋಡಿದ್ರೆ ಅರ್ಧ ಜನ ವಾಪಸ್ ಇಡ್ತಾರೆ.

ಇನ್ವರ್ಟರ್_ಅಣ್ಣ
ಕರೆಂಟ್ ಹೋಗೋ ಊರಲ್ಲಿ ಬಿಎಲ್‌ಡಿಸಿಗೆ ಬೇರೆ ವಾದವೇ ಬೇಡ. 150 ಎಎಚ್ ಬ್ಯಾಟರಿ ಅಂದ್ರೆ ಕಾಗದದ ಮೇಲೆ 1800 ವ್ಯಾಟ್-ಗಂಟೆ, ಕೈಗೆ ಸಿಗೋದು 1150ರಷ್ಟು. ಮೂರು ಹಳೇ ಫ್ಯಾನ್‌ಗೆ 5 ಗಂಟೆ, ಮೂರು ಬಿಎಲ್‌ಡಿಸಿಗೆ 12 ಗಂಟೆ ಮೇಲೆ. ಹಳ್ಳಿ ಕಡೆ ವೋಲ್ಟೇಜ್ 170ಕ್ಕೆ ಇಳಿದಾಗ ಮಾಮೂಲಿ ಫ್ಯಾನ್ ತೂಕಡಿಸುತ್ತೆ, ಬಿಎಲ್‌ಡಿಸಿ ಅದೇ ವೇಗದಲ್ಲಿರುತ್ತೆ. ಚೌಕ ಅಲೆಯ ಹಳೇ ಇನ್ವರ್ಟರ್ ಇದ್ರೆ ಮಾಮೂಲಿ ಫ್ಯಾನ್ ಗುಂಯ್ಗುಡೋದು ಫ್ಯಾನ್ ದೋಷ ಅಲ್ಲ, ಸೈನ್ ವೇವ್ ತಗೊಳ್ಳಿ.

ತೀರ್ಥಹಳ್ಳಿ_ಮಳೆ
ಬಿಎಲ್‌ಡಿಸಿ ಹೊಗಳಿದ್ದಾಯ್ತು, ಮಲೆನಾಡಿನ ಸಿಡಿಲು ಗೊತ್ತಿದೆಯಾ? ಏಪ್ರಿಲ್ ಗುಡುಗು-ಮಳೆಗೆ ಕಾರ್ಡ್‌ಗಳು ಹೋಗೋದು ಮಾಮೂಲಿ. ಮಾಮೂಲಿ ಫ್ಯಾನನ್ನ ಊರಲ್ಲೇ ರೀವೈಂಡ್ ಮಾಡ್ತಾರೆ. ಕಾರ್ಡ್ ಹೋದ್ರೆ ಕಂಪನಿ ಸರ್ವಿಸ್‌ನವರು ಬರೋ ತನಕ ಬೀಸಣಿಗೆ. ತಗೊಳ್ಳೋವಾಗಲೇ ಕೇಳಿ: ಕಾರ್ಡ್ ಬಿಡಿಯಾಗಿ ಸಿಗುತ್ತಾ, ಎಷ್ಟು, ವಾರಂಟಿ ಮೋಟಾರಿಗೆ ಮಾತ್ರವಾ ಕಾರ್ಡ್‌ಗೂ ಇದೆಯಾ. ಮೇನ್ ಬೋರ್ಡ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕ್ಸಿ, ಅರ್ಥಿಂಗ್ ಸರಿ ಇದೆಯಾ ನೋಡಿ. ಎಂಸಿಬಿ ತಾನಾಗಿ ಸಿಡಿಲು ತಡೆಯಲ್ಲ. ಗುಡುಗು ಶುರುವಾದಾಗ ರಿಮೋಟ್‌ನಲ್ಲಿ ಆಫ್ ಮಾಡಿ ಸುಮ್ಮನಿರಬೇಡಿ, ಅದಕ್ಕೆ ಕರೆಂಟ್ ಹರೀತಾನೇ ಇರುತ್ತೆ. ಎಂಸಿಬಿ ಇಳಿಸಿ.

ಈಗ ಮಳೆಗಾಲದ ಪ್ರಶ್ನೆ. ಬಟ್ಟೆ ಒಣಗಿಸೋಕೆ ಕಿಟಕಿ ಮುಚ್ಚಿ ಫುಲ್ ಫ್ಯಾನ್ ಹಾಕೋದು ಎಲ್ಲರೂ ಮಾಡೋ ಕೆಲಸ. ಬಟ್ಟೆಯಿಂದ ಹೋದ ನೀರು ಎಲ್ಲಿಗೆ ಹೋಗುತ್ತೆ? ಗೋಡೆಗೆ, ಹಾಸಿಗೆಗೆ, ಮರದ ಬೀರುವಿಗೆ. ಅದೇ ಮುಗ್ಗಲು. ಬಟ್ಟೆಗೆ ಒಂದೇ ಕೋಣೆ ಇಟ್ಕೊಳ್ಳಿ, ಬಾಗಿಲು ಹಾಕಿ, ಮಳೆ ಬೀಸದ ಕಡೆಯ ಕಿಟಕಿ ನಾಲ್ಕು ಬೆರಳು ತೆಗೆದಿಡಿ, ಎಕ್ಸಾಸ್ಟ್ ಇದ್ರೆ ಇನ್ನೂ ಒಳ್ಳೇದು. ಹಗ್ಗದ ಮೇಲೆ ಬಟ್ಟೆ ನಡುವೆ ಒಂದು ಗೇಣು ಬಿಡಿ, ಫ್ಯಾನ್ 2 ಅಥವಾ 3ರಲ್ಲಿ ಸಾಕು. ಬೀರು ಗೋಡೆಗೆ ಅಂಟಿ ನಿಲ್ಲಿಸಬೇಡಿ, ಮೂರು ಬೆರಳು ಸಂದು ಇದ್ರೆ ಗಾಳಿ ಹಿಂದೆ ಓಡಾಡುತ್ತೆ. ಬಿಸಿಲು ಬಿದ್ದ ದಿನ ಎಲ್ಲಾ ಬಾಗಿಲು ತೆಗೆದು ಎಲ್ಲಾ ಫ್ಯಾನ್ ಎರಡು ಗಂಟೆ ಬಿಡಿ.

ಒಂದೇ_ಸಾಲು
ನಮ್ಮ ಕಡೆ ಫ್ಯಾನ್ ರೆಕ್ಕೆಗೇ ಸಾಕ್ಸ್ ನೇತು ಹಾಕ್ತಾರೆ, ಅದು ಸರಿಯಾ?

ವೈರ್‌ಮನ್_ತುಮಕೂರು
ರೆಕ್ಕೆ ಬಾಗಿದ ಮೇಲೆ ನಮ್ಮನ್ನೇ ಕರೀತೀರಲ್ಲ, ಮಾಡಿ ಮಾಡಿ.

ಕಡಲಕರೆ_ಮಂಗಳೂರು
ರಿವರ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ವಾ?

ಕನ್ನಡಿಗ_ಶಿಕಾಗೊ
ಅದನ್ನ ನಾನು ಹೇಳ್ತೀನಿ, ರಿವರ್ಸ್ ಹುಟ್ಟಿದ್ದೇ ಈ ಕಡೆ ಮನೆಗಳಿಗೆ. ಇಲ್ಲಿ ಚಳಿಗಾಲದಲ್ಲಿ ಫರ್ನೇಸ್ ಇಡೀ ಮನೆ ಕಾಯಿಸುತ್ತೆ. ಬಿಸಿಗಾಳಿ ಮೇಲೇರಿ ಸೀಲಿಂಗ್ ಹತ್ತಿರ ನಿಲ್ಲುತ್ತೆ. ಎರಡು ಮಹಡಿ ಎತ್ತರದ ಹಾಲ್‌ಗಳಲ್ಲಿ ಮೇಲೆ ಕೆಳಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಫ್ಯಾನನ್ನ ರಿವರ್ಸ್ ಮಾಡಿ ಕಡಿಮೆ ವೇಗದಲ್ಲಿಟ್ರೆ ಕೆಳಗಿನ ತಣ್ಣನೆ ಗಾಳಿ ಮೇಲೆ ಹೋಗಿ, ಬಿಸಿಗಾಳಿ ಗೋಡೆಗುಂಟ ಇಳಿಯುತ್ತೆ. 8 ಅಡಿ ಸೀಲಿಂಗ್ ಇದ್ರೆ ಇಲ್ಲೂ ಅಷ್ಟೇನೂ ಲಾಭ ಇಲ್ಲ.

ದಾವಣಗೆರೇಲಿ ಡಿಸೆಂಬರ್‌ನಲ್ಲಿ ಮನೆ ಯಾರೂ ಕಾಯಿಸಲ್ಲ. ಮೇಲೆ ಕೂಡಿಟ್ಟ ಬಿಸಿಗಾಳಿ ಇಲ್ಲದ ಮೇಲೆ ಕೆಳಗೆ ತರೋದೇನನ್ನ? ಬರೀ ಅದಕ್ಕೋಸ್ಕರ ದುಡ್ಡು ಕೊಡಬೇಡಿ.

ಬೆಂಗಳೂರು_ಬಾಡಿಗೆಮನೆ
ಪೂರ್ತಿ ನಿಷ್ಪ್ರಯೋಜಕ ಅಂತ ತಳ್ಳಬೇಡಿ ಸರ್. ಮೂಲ ಪ್ರಶ್ನೆ ನೋಡಿ: ವಯಸ್ಸಾದವರ ಮೈಗೆ ಗಾಳಿ ಬಡೀಬಾರದು, ಕೋಣೆ ಉಸಿರುಗಟ್ಟಬಾರದು. ರಿವರ್ಸ್‌ನಲ್ಲಿ ಗಾಳಿ ಮೇಲಕ್ಕೆ ಹೋಗಿ ಗೋಡೆ ಬಳಿ ಇಳಿಯುತ್ತೆ, ಮಂಚದ ಮೇಲೆ ನೇರ ಬೀಳಲ್ಲ. ಕಾಗದ ಹರಡಿಕೊಂಡು ಕೆಲಸ ಮಾಡೋ ಮೇಜಿಗೂ ಅನುಕೂಲ. ಆದರೆ ಸೊಳ್ಳೆಗೆ ರಿವರ್ಸ್ ಕೆಲಸ ಮಾಡಲ್ಲ. ಸೊಳ್ಳೆ ಓಡಿಸೋದು ಮೈಮೇಲೆ ಬೀಸೋ ಗಾಳಿ. ಅದು ಬೇಡ ಅಂದ್ರೆ ಸೊಳ್ಳೆ ಪರದೆ ಕಟ್ಟಿ. ಪರದೆ ಕಟ್ಟಿದ ಮೇಲೆ ಒಳಗೆ ಗಾಳಿ ಅರ್ಧಕ್ಕಿಂತ ಕಡಿಮೆ ಬರುತ್ತೆ, ಬೇಸಿಗೇಲಿ ವೇಗ ಏರಿಸಿ.

ವೈರ್‌ಮನ್_ತುಮಕೂರು
ರಿವರ್ಸ್ ಅಂದ ತಕ್ಷಣ ನೆನಪಾಯ್ತು. ಮೇಲ್ಮನೆಯವರೇ, ನಿಮ್ಮ ಹಾಲ್ ಫ್ಯಾನ್ ರಿವರ್ಸ್ ಓಡ್ತಿಲ್ಲ ತಾನೇ? ಕೆಪಾಸಿಟರ್ ಬದಲಾಯಿಸೋವಾಗ ರನ್ನಿಂಗ್-ಸ್ಟಾರ್ಟಿಂಗ್ ತಂತಿ ಅದಲು ಬದಲಾದ್ರೆ ಫ್ಯಾನ್ ಉಲ್ಟಾ ತಿರುಗುತ್ತೆ. ಜೋರಾಗಿ ತಿರುಗ್ತಿರುತ್ತೆ, ಕೆಳಗೆ ಗಾಳಿ ಇಲ್ಲ. ಎಡಕ್ಕೋ ಬಲಕ್ಕೋ ಅಂತ ನೋಡಬೇಡಿ. ಫ್ಯಾನ್ ನಿಲ್ಲಿಸಿ ರೆಕ್ಕೆ ನೋಡಿ: ಎತ್ತರದಲ್ಲಿರೋ ಅಂಚು ಮುಂದಾಗಿ ತಿರುಗಿದ್ರೆ ಗಾಳಿ ಕೆಳಗೆ ಬರುತ್ತೆ. ತಗ್ಗಿನ ಅಂಚು ಮುಂದಿದ್ರೆ ಉಲ್ಟಾ.

ಮೇಲ್ಮನೆ_ದಾವಣಗೆರೆ
ನೋಡಿದೆ, ಎತ್ತರದ ಅಂಚೇ ಮುಂದಿದೆ. 10 ಸೆಕೆಂಡಿಗೆ ಹಾಲ್‌ದು 41 ಸುತ್ತು, ಕೋಣೆಯವು 52, 55. ಫ್ಯಾನ್ ಹಾಲ್ ಮಧ್ಯದಲ್ಲಿದೆ, ಸೋಫಾ ಒಂದು ತುದೀಲಿ. ಹಾಲ್ ಫ್ಯಾನ್ ಸ್ವಲ್ಪ ಅಲ್ಲಾಡುತ್ತೆ ಕೂಡ.

ವೈರ್‌ಮನ್_ತುಮಕೂರು
41 ಅಂದ್ರೆ ಮೊದಲು ಕೆಪಾಸಿಟರ್, ಆಮೇಲೂ ಏರದಿದ್ರೆ ಬೇರಿಂಗ್. ಆಫ್ ಮಾಡಿದ ಮೇಲೆ ಬೇಗ ನಿಂತರೆ, ನಿಲ್ಲುವಾಗ ಗರಗರ ಸದ್ದು ಬಂದ್ರೆ ಬೇರಿಂಗ್ ಒಣಗಿದೆ. ಸಾಮಾನ್ಯವಾಗಿ 6201, 6202 ಜೋಡಿ ಇರುತ್ತೆ. ಎಣ್ಣೆ ಬಿಡೋದು ದಂಡ, ಬದಲಾಯಿಸಿ.

ಆದರೆ 20 ಅಡಿ ಹಾಲ್‌ಗೆ ಮಧ್ಯದಲ್ಲಿ ಒಂದು ಫ್ಯಾನ್ ಹೊಸದಾಗಿದ್ರೂ ಸಾಲಲ್ಲ. 1200 ಮಿಮೀದು 12×12 ಜಾಗಕ್ಕೆ. ಎರಡು ಹಾಕ್ಸಿ, ಉದ್ದದ ನಾಲ್ಕನೇ ಒಂದು ಭಾಗದಲ್ಲಿ ಒಂದೊಂದು, ಅಂದ್ರೆ ತುದಿ ಗೋಡೆಯಿಂದ 5 ಅಡಿಗೆ. ರೆಕ್ಕೆ ತುದಿಗೂ ಗೋಡೆಗೂ, ಸಜ್ಜಾಗೂ ಒಂದೂವರೆ ಅಡಿ ಕಡಿಮೆ ಆಗಬಾರದು. ಕೂತಲ್ಲಿ ಇರೋ ಫ್ಯಾನ್ ಮಾತ್ರ ಹಾಕ್ಕೊಳ್ಳಿ. ನೇರ ಫ್ಯಾನ್ ನಡುವಿನ ಡಬ್ಬಿ ಕೆಳಗೆ ಗಾಳಿ ಕಡಿಮೆ, ರೆಕ್ಕೆ ಅರ್ಧದಿಂದ ತುದಿವರೆಗಿನ ಕೆಳಗೆ ಜಾಸ್ತಿ. ಸೋಫಾ, ದಿಂಬು ನಡುವಿನಿಂದ ಒಂದೂವರೆ-ಎರಡು ಅಡಿ ಆಚೆ ಇರ್ಲಿ.

ಅಲ್ಲಾಟಕ್ಕೆ ಕ್ರಮ ಇದೆ. ರೆಕ್ಕೆ ಮೇಲಿನ ಧೂಳು ಒರೆಸಿ. ರೆಕ್ಕೆ ಸ್ಕ್ರೂ ಎಲ್ಲಾ ಬಿಗಿ ಮಾಡಿ. ಸೀಲಿಂಗ್‌ನಿಂದ ರೆಕ್ಕೆ ತುದಿಗೆ ಸ್ಕೇಲ್ ಹಿಡಿದು, ಸ್ಕೇಲ್ ಅಲ್ಲೇ ಇಟ್ಟು ಮೂರೂ ರೆಕ್ಕೆ ತಿರುಗಿಸಿ ಅಳೀರಿ. 3-4 ಮಿಮೀಗಿಂತ ವ್ಯತ್ಯಾಸ ಇದ್ರೆ ಬ್ರಾಕೆಟ್ ಬಾಗಿದೆ. ಅಳತೆ ಸರಿ ಇದ್ದೂ ಅಲ್ಲಾಡಿದ್ರೆ ಒಂದೊಂದೇ ರೆಕ್ಕೆ ಮೇಲೆ ನಡುಮಧ್ಯೆ ಒಂದು ನಾಣ್ಯ ಟೇಪ್ ಹಾಕಿ ನೋಡಿ, ಯಾವುದರಲ್ಲಿ ಕಡಿಮೆ ಆಗುತ್ತೋ ಅಲ್ಲಿ ಬಿಡಿ. ಒಂದು ಕಂಪನಿ ಫ್ಯಾನ್‌ಗೆ ಇನ್ನೊಂದರ ರೆಕ್ಕೆ, ಒಂದು ಸೆಟ್‌ನಿಂದ ಒಂದೇ ರೆಕ್ಕೆ ಬದಲಿ, ಎರಡೂ ಬೇಡ. ಮೂರು ರೆಕ್ಕೆ ತೂಕ ಹೊಂದಿಸಿ ಕೊಟ್ಟಿರ್ತಾರೆ.

ಕೊನೇದು, ಮುಖ್ಯವಾದ್ದು: ಮೇಲಿನ ಮುಚ್ಚಳ ಇಳಿಸಿ ಕೊಕ್ಕೆ ನೋಡಿ. ರಬ್ಬರ್ ಬುಷ್ ಸವೆದಿದೆಯಾ, ಬೋಲ್ಟ್‌ಗೆ ಸ್ಪ್ಲಿಟ್ ಪಿನ್ (ನಟ್ ಬಿಚ್ಚದ ಹಾಗೆ ತಡೆಯೋ ಎರಡು ಕಾಲಿನ ಪಿನ್) ಇದೆಯಾ, ಅದರ ಕಾಲು ಅಗಲಿಸಿದ್ದಾರಾ. ರಾಡ್‌ಗೆ ಮೇಲೆ ಒಂದು, ಕೆಳಗೆ ಮೋಟಾರ್ ಹತ್ತಿರ ಇನ್ನೊಂದು ಪಿನ್. ಫ್ಯಾನ್ ಬೀಳೋದು ಬಹುಪಾಲು ಪಿನ್ ಇಲ್ಲದೆ ನಟ್ ಬಿಚ್ಚಿಕೊಂಡು.

ತೊಲೆಮನೆ_ಶಿರಸಿ
ಹಂಚಿನ ಮನೆಯವರಿಗೂ ಎರಡು ಮಾತು ಸೇರಿಸ್ತೆ. ಕೊಕ್ಕೆಯನ್ನ ತೊಲೆಗೆ ಯು ಕ್ಲಾಂಪ್ ಹಾಕಿ ಆರ್‌ಪಾರ್ ಬೋಲ್ಟ್ ಮಾಡಿ. ರೀಪಿಗೆ ಸ್ಕ್ರೂ ಹೊಡೆದು ನೇತು ಹಾಕೋದು ಅಪಾಯ, ಅಲ್ಲಾಟಕ್ಕೆ ಮರದ ತೂತು ಅಗಲ ಆಗ್ತಾ ಹೋಗುತ್ತೆ. ಮಾಡು ಎತ್ತರ ಇದ್ದಲ್ಲಿ ಫ್ಯಾನ್ ಮೇಲೇ ಬಿಟ್ಟರೆ ಗಾಳಿ ಕೆಳಗೆ ಮುಟ್ಟಲ್ಲ. ಉದ್ದ ರಾಡ್ ಹಾಕಿ ರೆಕ್ಕೆ 8-9 ಅಡಿಗೆ ಇಳಿಸಿ.

ಹಳೇ_ಡಬ್ಬಿ
ಹಾಗಾದ್ರೆ 10 ಅಡಿ ಸ್ಲ್ಯಾಬ್‌ನವರೂ 3 ಅಡಿ ರಾಡ್ ಹಾಕಿದ್ರೆ ಗಾಳಿ ಜೋರು ಬರುತ್ತಲ್ಲ?

ತಲೆಹರಟೆ_ತಂತ್ರಜ್ಞ
ಗಾಳಿ ಅಲ್ಲ, ತಲೆಗೆ ಪೆಟ್ಟು ಬರುತ್ತೆ. ರೆಕ್ಕೆ ನೆಲದಿಂದ 2.4 ಮೀಟರ್ ಕೆಳಗೆ ಬರಬಾರದು, ಅಂದ್ರೆ ಸುಮಾರು 8 ಅಡಿ. ಮೇಲೆ ಸ್ಲ್ಯಾಬ್‌ಗೂ ರೆಕ್ಕೆಗೂ 30 ಸೆಂಮೀ ಬೇಕು, ಇಲ್ಲದಿದ್ರೆ ಫ್ಯಾನ್‌ಗೆ ಎಳ್ಕೊಳ್ಳೋಕೆ ಗಾಳೀನೇ ಸಿಗಲ್ಲ. ಅದಕ್ಕಿಂತ ಉದ್ದ ಮಾಡಿದ್ರೆ ಲಾಭ ಕಡಿಮೆ, ಅಲ್ಲಾಟ ಜಾಸ್ತಿ. 10 ಅಡಿಗೆ ಮಾಮೂಲಿ 1 ಅಡಿ ರಾಡ್ ಸಾಕು. ಫಾಲ್ಸ್ ಸೀಲಿಂಗ್ ಮಾಡ್ಸೋರು ಗಮನಿಸಿ: 30 ಸೆಂಮೀ ಅಳತೆ ಜಿಪ್ಸಮ್ ಶೀಟ್‌ನಿಂದ, ಆದರೆ ನೇತು ಹಾಕೋದು ಸ್ಲ್ಯಾಬ್‌ನ ಕೊಕ್ಕೆಗೇ. ಲೈಟ್‌ಗಳು ರೆಕ್ಕೆಯ ನೇರ ಮೇಲೆ ಬರದ ಹಾಗೆ ನೋಡಿ, ಇಲ್ಲಾಂದ್ರೆ ಓದುವಾಗ ನೆರಳು ಪಟಪಟ ಹೊಡೆಯುತ್ತೆ.

ಬೆಂಗಳೂರು_ಬಾಡಿಗೆಮನೆ
ಎಸಿ ಅಂದವರಿಗೆ ಯಾರೂ ಪೂರ್ತಿ ಉತ್ತರ ಕೊಡ್ಲಿಲ್ಲ. ಎಸಿ 22ಕ್ಕೆ ಇಟ್ಟು ಹೊದ್ದು ಮಲಗೋ ಬದಲು 26ಕ್ಕಿಟ್ಟು ಫ್ಯಾನ್ 1 ಅಥವಾ 2ರಲ್ಲಿ ಬಿಡಿ. ಮೈಗೆ ಎರಡು-ಮೂರು ಡಿಗ್ರಿ ತಂಪು ಅನ್ನಿಸುತ್ತೆ. ಒಂದು ಡಿಗ್ರಿ ಏರಿಸಿದ್ರೆ ಎಸಿ ಕರೆಂಟ್ ಸುಮಾರು 6% ಇಳಿಯುತ್ತೆ ಅಂತ ಇಂಧನ ದಕ್ಷತಾ ಬ್ಯೂರೋ ಹೇಳೋದು. 2020ರಿಂದ ಹೊಸ ಎಸಿಗಳು ಆನ್ ಮಾಡಿದ್ರೆ 24ಕ್ಕೇ ಶುರುವಾಗೋದೂ ಅವರದ್ದೇ ನಿಯಮ. ಒಂದು ಎಚ್ಚರ: ಮೇಲಿನ ಮಹಡೀಲಿ ಫ್ಯಾನ್ ಫುಲ್ ಇಟ್ರೆ ಸ್ಲ್ಯಾಬಿನ ಕಾವನ್ನ ಎಸಿ ಮೇಲೆ ಹೇರಿದ ಹಾಗಾಗುತ್ತೆ.

ಒಂದೇ_ಸಾಲು
ಸರಿ ಸರಿ, ಎಸಿ ವಾಪಸ್ ತಗೊಂಡೆ.

ಯೂನಿಟ್_ಲೆಕ್ಕ
ಮೇಲ್ಮನೆಯವರಿಗೆ ಒಟ್ಟು ಖರ್ಚು: ಉಳಿಯೋ ಎರಡು ಹಳೇ ಫ್ಯಾನ್‌ಗೆ ಎರಡು ಕೆಪಾಸಿಟರ್ 100, ಎರಡು ಸ್ಟೆಪ್ ರೆಗ್ಯುಲೇಟರ್ 600, ಸುಣ್ಣ ಮತ್ತು ಕೂಲಿ ನಿಮ್ಮೂರಿನ ದರ. ಬಿಎಲ್‌ಡಿಸಿ ಎರಡೇ: ಒಂದು ಸೋಫಾ ಮೇಲೆ, ಇನ್ನೊಂದು ರಾತ್ರಿಯಿಡೀ ಓಡೋ ಕೋಣೆಗೆ. ಆ ಕೋಣೆಯಿಂದ ಇಳಿಸಿದ ಹಳೇದನ್ನ ಹಾಲ್‌ನ ಇನ್ನೊಂದು ತುದಿಗೆ ಹಾಕಿ, ನೆಂಟರು ಬಂದಾಗ ಮಾತ್ರ ಓಡುತ್ತೆ.

ಮೇಲ್ಮನೆ_ದಾವಣಗೆರೆ
ಹಾಲ್‌ನಿಂದ ಇಳಿಸಿದ 41 ಸುತ್ತಿನದು? ಗುಜರಿಯವನು ನೂರು ರೂಪಾಯಿ ಅಂತಾನೆ.

ವೈರ್‌ಮನ್_ತುಮಕೂರು
ತೂಕಕ್ಕೆ ಕೊಡಿ, ಅಂದಾಜಿಗೆ ಕೊಡಬೇಡಿ. ಒಳಗೆ ತಾಮ್ರದ ತಂತಿ ಇದೆಯಾ ಮೊದಲು ನೋಡಿ.

ಹಳೇ_ಡಬ್ಬಿ
ಅಲ್ಯೂಮಿನಿಯಂ ವೈಂಡಿಂಗ್ ಆಗಿದ್ರೆ?

ವೈರ್‌ಮನ್_ತುಮಕೂರು
ನೂರು ರೂಪಾಯಿ ಇಸ್ಕೊಂಡು ಬಾಗಿಲು ಹಾಕ್ಕೊಳ್ಳಿ.